ಪ್ರಾರ್ಥನೆ ಪುಸ್ತಕ ಹರಿದು ಮಾಡಿದ ದುಡ್ಡು

ಹಳ್ಳಿಯಿಂದ ಪೇಟೆಯ ಕಾಲೇಜಿಗೆ ಬಸ್ಸಲ್ಲಿ ಓಡಾಡಿದವರಿಗೆಲ್ಲ ಈ ಅನುಭವ ಆಗಿರುತ್ತೆ. ಹನ್ನೆರಡು ರೂಪಾಯಿ ಟಿಕೆಟ್ಟಿಗೆ ನೂರರ ನೋಟು ಕೊಟ್ಟರೆ ಕಂಡಕ್ಟರ್ ಒಮ್ಮೆ ಮುಖ ನೋಡಿ, ಟಿಕೆಟ್ ಹಿಂದೆ '88' ಅಂತ ಬರೆದು, ಸುತ್ತ ಒಂದು ಗೆರೆ ಎಳೆದು, "ಇಳಿಯೋವಾಗ ಇಸ್ಕೊಳ್ಳಿ" ಅಂತ ಮುಂದಕ್ಕೆ ಹೋಗಿಬಿಡೋರು. ಆಮೇಲೆ ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ನೋಡಿದ್ದೇ ಇಲ್ಲ. ಕಂಡಕ್ಟರ್ ಬ್ಯಾಗನ್ನೇ ನೋಡ್ತಾ ಕೂತಿರ್ತಿದ್ದೆ. ಆ ಬಸ್ಸಿನೊಳಗೆ ಆ ಚೂರು ಕಾಗದಕ್ಕೆ ಎಂಬತ್ತೆಂಟು ರೂಪಾಯಿ ಬೆಲೆ. ಇಸ್ಕೊಳ್ಳೋದು ಮರೆತು ಇಳಿದು, ಬಸ್ಸು ಹೊರಟುಹೋದರೆ ಅದು ಬರೀ ರದ್ದಿ.

ಆ ಟಿಕೆಟ್ ನನಗೆ ಮತ್ತೆ ನೆನಪಾಗಿದ್ದು ಸುಮಾರು 450 ವರ್ಷ ಹಳೆಯ ಒಂದು ನಾಣ್ಯದ ಚಿತ್ರ ನೋಡಿದಾಗ. ನೆದರ್ಲೆಂಡ್ಸಿನ ಲೈಡನ್ ಅನ್ನುವ ಊರಿನ ನಾಣ್ಯ ಅದು. ದುಂಡಗಿದೆ, ಎದ್ದು ನಿಂತ ಸಿಂಹ ಇದೆ, ಸುತ್ತ ಲ್ಯಾಟಿನ್ ಅಕ್ಷರ ಇದೆ. ಎಲ್ಲ ನಾಣ್ಯದ ಹಾಗೇ. ಆದರೆ ಅದು ಬೆಳ್ಳಿಯದ್ದಲ್ಲ, ತಾಮ್ರದ್ದೂ ಅಲ್ಲ, ರಟ್ಟಿನದು. ಚರ್ಚಿನ ಪ್ರಾರ್ಥನೆ ಪುಸ್ತಕಗಳ ಹಾಳೆ ಕಿತ್ತು, ಒಂದರ ಮೇಲೊಂದು ಅಂಟಿಸಿ, ಗಟ್ಟಿ ಮಾಡಿ, ಅದರ ಮೇಲೆ ನಾಣ್ಯದ ಅಚ್ಚು ಒತ್ತಿದ್ದಾರೆ. ದೇವರ ಪುಸ್ತಕ ಹರಿದು ದುಡ್ಡು ಮಾಡುವಷ್ಟು ಏನು ಬಂದಿತ್ತು ಆ ಊರಿಗೆ ಅಂತ ಹುಡುಕುತ್ತಾ ಹೋದೆ. ಹುಡುಕಿದಷ್ಟೂ ಕಥೆ ದುಡ್ಡಿನಿಂದ ದೂರ ಹೋಗಿ, "ನಾವು ಇಷ್ಟೆಲ್ಲ ಕಷ್ಟ ಪಡ್ತಿರೋದು ಯಾತಕ್ಕೆ?" ಅನ್ನುವ ಪ್ರಶ್ನೆಗೆ ಬಂದು ನಿಂತಿತು.

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. ಕೋಟೆಯೊಳಗಿನ ಒಂದು ಊರನ್ನು ಶತ್ರು ಸುತ್ತುವರಿದ ಅಂತಿಟ್ಟುಕೊಳ್ಳಿ. ಊಟ ಖಾಲಿಯಾಗೋದು ನಮಗೆಲ್ಲ ಹೊಳೆಯುತ್ತೆ. ಆದರೆ ಊಟಕ್ಕಿಂತ ಮುಂಚೆ ಚಿಲ್ಲರೆ ಖಾಲಿಯಾಗಬಹುದು. ಹೊರಗಿನ ವ್ಯಾಪಾರ ನಿಂತಿರೋದರಿಂದ ಹೊಸ ದುಡ್ಡು ಒಳಗೆ ಬರಲ್ಲ. ಇರುವ ಬೆಳ್ಳಿಯನ್ನು ಜನ ನೆಲದಲ್ಲಿ ಹೂಳ್ತಾರೆ, ಗೋಡೆಯಲ್ಲಿ ಬಚ್ಚಿಡ್ತಾರೆ. ಆದರೆ ಕೋಟೆ ಕಾಯುವ ಸೈನಿಕನಿಗೆ ಸಂಬಳ ಕೊಡಲೇಬೇಕು. ಆ ಕಾಲದ ಸೈನಿಕರಲ್ಲಿ ಎಷ್ಟೋ ಜನ ಕೂಲಿಗೆ ಬಂದವರು. ದುಡ್ಡು ನಿಂತರೆ ದಂಗೆ ಏಳ್ತಾರೆ, ಇಲ್ಲವೇ ರಾತ್ರೋರಾತ್ರಿ ಬಾಗಿಲು ತೆಗೆದು ಶತ್ರುವನ್ನೇ ಒಳಗೆ ಬಿಡ್ತಾರೆ. ಸೈನಿಕನಿಗೆ ಕೊಟ್ಟ ದುಡ್ಡು ಬ್ರೆಡ್ ಅಂಗಡಿಯವನಿಗೆ ಹೋಗುತ್ತೆ, ಅಲ್ಲಿಂದ ಹಿಟ್ಟಿನವನಿಗೆ, ಅಲ್ಲಿಂದ ತೆರಿಗೆಯಾಗಿ ಊರಿನ ಖಜಾನೆಗೆ, ಮತ್ತೆ ಸೈನಿಕನಿಗೆ. ಈ ಚಕ್ರ ತಿರುಗ್ತಾ ಇರಬೇಕು. ತಿರುಗಿಸೋಕೆ ಬೇಕಾದದ್ದು ಒಂದಿಷ್ಟು ತುಂಡುಗಳು. ಅವು ಬೆಳ್ಳಿಯವೇ ಆಗಬೇಕೆಂದಿಲ್ಲ, ಎಲ್ಲರೂ ಒಪ್ಪಿದರೆ ಸಾಕು.

ಹಾಗಾಗಿ 16 ಮತ್ತು 17ನೇ ಶತಮಾನದ ಯೂರೋಪಿನಲ್ಲಿ, ಧರ್ಮದ ಹೆಸರಲ್ಲಿ ಊರೂರೇ ಹೊಡೆದಾಡುತ್ತಿದ್ದ ಕಾಲದಲ್ಲಿ, ಮುತ್ತಿಗೆಗೆ ಸಿಕ್ಕ ಊರುಗಳು ತಾವೇ ನಾಣ್ಯ ಹೊಡೆದುಕೊಂಡವು. 1529ರಲ್ಲಿ ಸುಲ್ತಾನ್ ಸುಲೇಮಾನ್ ವಿಯೆನ್ನಾವನ್ನು ಮುತ್ತಿದಾಗ ಊರಿನವರು ಚೌಕಾಕಾರದ ನಾಣ್ಯ ಮಾಡಿ, ಅದರ ಮೇಲೆ 'ತುರ್ಕರು ವಿಯೆನ್ನಾವನ್ನು ಮುತ್ತಿದ್ದಾರೆ' ಅಂತ ಸುದ್ದಿಯನ್ನೇ ಬರೆದರು. ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ, 1645-46ರ ಚಳಿಗಾಲದಲ್ಲಿ, ರಾಜನ ಕಡೆಯಿದ್ದ ನ್ಯೂವಾರ್ಕ್ ಊರಿನವರು ಬೆಳ್ಳಿ ತಟ್ಟೆಗಳನ್ನು ಕತ್ತರಿಯಲ್ಲಿ ವಜ್ರಾಕೃತಿಗೆ ಕತ್ತರಿಸಿ ಅಚ್ಚು ಒತ್ತಿದರು. ನಮ್ಮಲ್ಲಿ ಹಬ್ಬಕ್ಕೆ ಕೊಬ್ಬರಿ ಬರ್ಫಿ ಕತ್ತರಿಸ್ತಾರಲ್ಲ, ಅದೇ ಆಕಾರ, ಅದೇ ಕಾರಣ: ಮೂಲೆ ವ್ಯರ್ಥ ಆಗಬಾರದು. ದುಂಡಗೆ ಕತ್ತರಿಸಿದರೆ ಚೂರು ಉಳಿಯುತ್ತೆ, ಅದನ್ನು ಮತ್ತೆ ಕರಗಿಸೋಕೆ ಪುರುಸೊತ್ತು ಯಾರಿಗಿದೆ? ಇವತ್ತಿಗೂ ಕೆಲವು ನ್ಯೂವಾರ್ಕ್ ನಾಣ್ಯಗಳ ಮೇಲೆ ಹಳೆ ತಟ್ಟೆಯ ಗುರುತು ಹಾಗೇ ಉಳಿದಿದೆ.

ತಟ್ಟೆ ಕತ್ತರಿಸುವಾಗ ಊರಿನ ಆಡಳಿತ ಇನ್ನೊಂದು ಕೆಲಸವನ್ನೂ ಮಾಡ್ತಿತ್ತು. ತುಂಡಿನಲ್ಲಿರುವ ಬೆಳ್ಳಿಗಿಂತ ಹೆಚ್ಚಿನ ಬೆಲೆಯನ್ನು ಅದರ ಮೇಲೆ ಬರೆಯೋದು. ಮಿಕ್ಕ ಬೆಲೆಗೆ ಭರವಸೆಯೇ ಬೆಳ್ಳಿ. "ಮುತ್ತಿಗೆ ಮುಗಿದ ಮೇಲೆ ತಂದುಕೊಡಿ, ಒಳ್ಳೆ ದುಡ್ಡು ಕೊಡ್ತೀವಿ." ಊರು ಉಳಿದರೆ ಮಾತ್ರ ಈ ಮಾತಿಗೆ ಅರ್ಥ. ಸ್ಟಾರ್ಟಪ್ಪಿನವರು ಸಂಬಳದ ಜೊತೆ ಕೊಡುವ ಇಸಾಪ್ ಶೇರುಗಳ ಹಾಗೇ ಇದು: ಕಂಪನಿ ಗೆದ್ದರೆ ಮನೆ, ಮುಳುಗಿದರೆ ಒಂದು ಇಮೇಲ್. ಇಂಥ ನಾಣ್ಯ ಜೇಬಲ್ಲಿ ಇಟ್ಟುಕೊಂಡವನಿಗೆ ಊರು ಬೀಳಬಾರದು ಅನ್ನುವ ಸ್ವಾರ್ಥವೂ ಸೇರಿಕೊಳ್ಳುತ್ತೆ.

ಈಗ ಲೈಡನ್‌ಗೆ ಬರೋಣ. ಆಗ ಈ ನೆದರ್ಲೆಂಡ್ಸ್ ಪ್ರದೇಶವೆಲ್ಲ ಸ್ಪೇನಿನ ರಾಜ ಎರಡನೇ ಫಿಲಿಪ್‌ನ ಕೈಯಲ್ಲಿತ್ತು. ಫಿಲಿಪ್ ಕಟ್ಟಾ ಕ್ಯಾಥೊಲಿಕ್. ಪ್ರಜೆಗಳಲ್ಲಿ ಬಹಳ ಜನ ಕ್ಯಾಲ್ವಿನ್‌ನ ಹೊಸ ಪಂಥದ ಕಡೆ ವಾಲುತ್ತಿದ್ದರು. ಬೇರೆ ಪಂಥದವರನ್ನು ಸುಡುವ ಶಿಕ್ಷೆ ನಡೆಯುತ್ತಲೇ ಇತ್ತು. 1566ರಲ್ಲಿ ಹೊಸ ಪಂಥದವರ ಗುಂಪುಗಳು ಊರೂರಿನ ಚರ್ಚುಗಳಿಗೆ ನುಗ್ಗಿ ವಿಗ್ರಹ, ಚಿತ್ರ ಒಡೆದುಹಾಕಿದವು. ಲೈಡನ್ನಿನಲ್ಲೂ ಅದು ಆಯ್ತು. ಆ ಗಲಾಟೆಯ ಕಾಲದಲ್ಲೇ ಊರಿನ ಆಡಳಿತದವರು ಪೀಟರ್ಸ್ ಚರ್ಚಿನಲ್ಲಿದ್ದ, ಆ ಊರಿನವನೇ ಆದ ಕಲಾವಿದ ಲೂಕಾಸ್ ವಾನ್ ಲೈಡನ್ ಬರೆದ 'ಕೊನೆಯ ತೀರ್ಪು' ಚಿತ್ರವನ್ನು ಕಾಪಾಡಿ ಉಳಿಸಿಕೊಂಡರು. ಅದು ಇವತ್ತಿಗೂ ಲೈಡನ್ನಿನ ಮ್ಯೂಸಿಯಂನಲ್ಲಿದೆ. ಒಡೆಯೋರು, ಉಳಿಸೋರು ಇಬ್ಬರೂ ಒಂದೇ ಊರಿನವರು ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಫಿಲಿಪ್ 1567ರಲ್ಲಿ ಆಲ್ಬಾ ಅನ್ನುವ ಸೇನಾಪತಿಯನ್ನು ದೊಡ್ಡ ಸೈನ್ಯದ ಜೊತೆ ಕಳಿಸಿದ. ಅವನು ಕಟ್ಟಿದ ನ್ಯಾಯಮಂಡಳಿಗೆ ಜನ ಇಟ್ಟ ಹೆಸರು 'ರಕ್ತದ ಮಂಡಳಿ'. ಸೈನ್ಯದ ಖರ್ಚಿಗೆ ಅವನು ಹಾಕಹೊರಟ ತೆರಿಗೆಗಳಲ್ಲಿ ಒಂದು, ಮಾರಾಟದ ಮೇಲೆ ನೂರಕ್ಕೆ ಹತ್ತು. ಧರ್ಮಕ್ಕೆ ತಲೆ ಕೆಡಿಸಿಕೊಳ್ಳದ ವ್ಯಾಪಾರಿಗೂ ಇದು ಉರಿಯಿತು. 1572ರ ಏಪ್ರಿಲ್ 1ರಂದು ಸಮುದ್ರದ ಮೇಲೆ ಅಲೆಯುತ್ತಿದ್ದ ಬಂಡುಕೋರರು ಬ್ರಿಲ್ ಅನ್ನುವ ಬಂದರು ಹಿಡಿದರು. ಆಮೇಲೆ ಒಂದೊಂದೇ ಊರು ಬಂಡಾಯದ ನಾಯಕ ಆರೆಂಜಿನ ವಿಲಿಯಂನ ಕಡೆ ಬಂತು. ಲೈಡನ್ನೂ ಬಂತು.

ಸ್ಪೇನ್ ತಿರುಗಿಬಿತ್ತು. ಹತ್ತಿರದ ಹಾರ್ಲೆಮ್ ಊರು ಏಳು ತಿಂಗಳು ಮುತ್ತಿಗೆ ತಡೆದುಕೊಂಡು 1573ರ ಜುಲೈನಲ್ಲಿ ಶರಣಾಯಿತು. ಅವರೂ ಬೆಳ್ಳಿಯ ಮುತ್ತಿಗೆ ನಾಣ್ಯ ಹೊಡೆದಿದ್ದರು. ಲೂಟಿ ತಪ್ಪಿಸಿಕೊಳ್ಳೋಕೆ ಊರು 2,40,000 ಗಿಲ್ಡರ್ ದಂಡ ಒಪ್ಪಿಕೊಂಡಿತು. ಆದರೂ ಕಾವಲಿದ್ದ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕೊಂದರು. ಶರಣಾದರೆ ಏನಾಗುತ್ತೆ ಅನ್ನೋದು ಈಗ ಎಲ್ಲರಿಗೂ ಗೊತ್ತಾಗಿತ್ತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಸ್ಪೇನಿನ ಸೈನ್ಯ ಲೈಡನ್ ಬಾಗಿಲಿಗೆ ಬಂತು.

1573ರ ಕೊನೆಯ ಹೊತ್ತಿಗೆ ಊರಿನಲ್ಲಿ ಬೆಳ್ಳಿಗೆ ಬರ. ಇದ್ದಬದ್ದ ಬೆಳ್ಳಿಯನ್ನು ಹೊರಗಿಂದ ಸಾಮಾನು, ಮದ್ದುಗುಂಡು ತರಿಸೋಕೆ ಉಳಿಸಿಕೊಳ್ಳಬೇಕಿತ್ತು. ಒಳಗಿನ ವ್ಯವಹಾರಕ್ಕೆ ಆಡಳಿತ ಆರಿಸಿಕೊಂಡದ್ದು ಕಾಗದ. ಊರಿನ ಚರ್ಚುಗಳು ಅಷ್ಟೊತ್ತಿಗೆ ಹೊಸ ಪಂಥದವರ ಕೈಗೆ ಬಂದಿದ್ದವು. ಅಲ್ಲಿನ ಕ್ಯಾಥೊಲಿಕ್ ಪೂಜಾವಿಧಿಯ ಪುಸ್ತಕಗಳಿಗೆ ಹೊಸ ಯಜಮಾನರ ಲೆಕ್ಕದಲ್ಲಿ ಯಾವ ಉಪಯೋಗವೂ ಇರಲಿಲ್ಲ. ಗಟ್ಟಿ ಕಾಗದ, ಕೈಗೆ ಸಿಗುವ ಕಾಗದ. ಹರಿದರು, ಅಂಟಿಸಿದರು, ಒತ್ತಿದರು. 20 ಸ್ಟಾಯ್ವರ್‌ದು ಒಂದು, 5 ಸ್ಟಾಯ್ವರ್‌ದು ಒಂದು. 20 ಸ್ಟಾಯ್ವರ್ ಅಂದರೆ ಒಂದು ಗಿಲ್ಡರ್. ಚೀನಾದವರು ಇದಕ್ಕೂ ನೂರಾರು ವರ್ಷ ಮುಂಚೆ ಕಾಗದದ ದುಡ್ಡು ಮಾಡಿದ್ದರು. ಯೂರೋಪಿನ ಲೆಕ್ಕದಲ್ಲಿ ಮಾತ್ರ ಮೊದಲ ಕಾಗದದ ದುಡ್ಡು ಲೈಡನ್ನಿನದು ಅಂತ ಹೇಳೋದುಂಟು.

ಬೆಲೆಯಿಲ್ಲದ ವಸ್ತುವಿನ ಮೇಲೆ ಬೆಲೆ ಬರೆದು ಚಲಾವಣೆಗೆ ಬಿಡೋದು ಅಂದ ಕೂಡಲೇ ಕನ್ನಡದವರಿಗೆ ನೆನಪಾಗೋದು ತುಘಲಕ್. ಗಿರೀಶ ಕಾರ್ನಾಡರ ನಾಟಕ ಓದಿದವರಿಗೆ, ಕಾಲೇಜಿನಲ್ಲಿ ಆಡಿದವರಿಗೆ ಆ ಕಥೆ ಹೊಸದಲ್ಲ. 1329-30ರ ಸುಮಾರಿಗೆ ಸುಲ್ತಾನ ತಾಮ್ರ, ಹಿತ್ತಾಳೆಯ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದ. ಜನ ಮನೆಮನೆಯಲ್ಲೇ ನಕಲಿ ನಾಣ್ಯ ಹೊಡೆದರು. ಕೊನೆಗೆ ಖಜಾನೆಯ ಬೆಳ್ಳಿ ಕೊಟ್ಟು ಅವನ್ನೆಲ್ಲ ವಾಪಸ್ ತಗೋಬೇಕಾಯ್ತು. ಅಷ್ಟು ದೊಡ್ಡ ಸಾಮ್ರಾಜ್ಯದಲ್ಲಿ ಲೋಹದ ದುಡ್ಡು ಬಿದ್ದುಹೋಯ್ತು, ಲೈಡನ್ನಿನಲ್ಲಿ ರಟ್ಟಿನ ದುಡ್ಡು ಓಡಿತು. ಯಾಕೆ?

ನನಗನ್ನಿಸೋದು ಇಷ್ಟು. ಲೈಡನ್ನಿನಲ್ಲಿದ್ದದ್ದು ಸುಮಾರು 15 ಸಾವಿರ ಜನ, ಸುತ್ತ ಗೋಡೆ, ಯಾರೂ ಹೊರಗೆ ಹೋಗೋ ಹಾಗಿಲ್ಲ. ದುಡ್ಡು ಕೊಟ್ಟವನೂ ತಗೊಂಡವನೂ ಒಂದೇ ಗೋಡೆಯೊಳಗೆ ಇದ್ದಾರೆ. ಆಜ್ಞೆ ಕೊಟ್ಟ ಆಡಳಿತದವನ ಮನೆ ಪಕ್ಕದ ಬೀದಿಯಲ್ಲಿದೆ. ಅವನೂ ಅದೇ ರಟ್ಟಿನಲ್ಲಿ ಬ್ರೆಡ್ ಕೊಳ್ಳಬೇಕು. ನಕಲಿ ಮಾಡಿ ಅದನ್ನು ತಗೊಂಡು ಓಡಿಹೋಗೋಕೆ ಜಾಗವಿಲ್ಲ. ತುಘಲಕ್‌ನ ನಾಣ್ಯ ಮೇಲಿನಿಂದ ಬಂದ ಆಜ್ಞೆ. ಲೈಡನ್ನಿನದು ಒಂದೇ ದೋಣಿಯಲ್ಲಿ ಕೂತವರ ಒಪ್ಪಂದ. ಮುಳುಗಿದರೆ ಎಲ್ಲರೂ ಮುಳುಗ್ತಾರೆ ಅನ್ನೋದೇ ಅದರ ಗ್ಯಾರಂಟಿ.

ಇಲ್ಲಿಯವರೆಗೆ ಇದು ದುಡ್ಡಿನ ಕಥೆ. ಜಗಳ ಶುರುವಾದದ್ದು ಅದರ ಮೇಲೆ ಏನು ಬರೆಯಬೇಕು ಅನ್ನುವಲ್ಲಿ.

ನಾಣ್ಯದ ಮೇಲೆ ಸಿಂಹ ಒಂದು ಕೋಲು ಹಿಡಿದು ನಿಂತಿದೆ, ಕೋಲಿನ ತುದಿಯಲ್ಲೊಂದು ಟೋಪಿ. ರೋಮನ್ನರ ಕಾಲದಲ್ಲಿ ಗುಲಾಮನನ್ನು ಬಿಡುಗಡೆ ಮಾಡಿದಾಗ ಹಾಕುತ್ತಿದ್ದ ಟೋಪಿ ಅದು. ಸುತ್ತ ಬರೆದದ್ದು 'ಹೇಕ್ ಲಿಬರ್ಟಾಟಿಸ್ ಎರ್ಗೊ'. ಅಂದರೆ 'ಇದೆಲ್ಲ ಸ್ವಾತಂತ್ರ್ಯಕ್ಕಾಗಿ'. ಊರಿನ ಒಬ್ಬ ಪಾದ್ರಿಗೆ ಇದು ಸರಿಬರಲಿಲ್ಲ. ಅವನ ಪ್ರಕಾರ ಅಲ್ಲಿ ಇರಬೇಕಾದದ್ದು 'ಹೇಕ್ ರೆಲಿಜಿಯೋನಿಸ್ ಎರ್ಗೊ', 'ಇದೆಲ್ಲ ಧರ್ಮಕ್ಕಾಗಿ'. ಒಂದು ಪದದ ವ್ಯತ್ಯಾಸ. ಆ ಕಾಲದ ಕಥೆ ಹೇಳುವವರು ಮುಂದಿನದನ್ನು ಹೀಗೆ ಹೇಳ್ತಾರೆ: ಪಾದ್ರಿ ಚರ್ಚಿನ ವೇದಿಕೆ ಹತ್ತಿ ಊರಿನ ಆಡಳಿತದವರನ್ನು ಹಂದಿಗಳಿಗೆ ಹೋಲಿಸಿ ಬೈದ. ಕೆಳಗೆ ಊರಿನ ಮೇಯರ್ ವಾನ್ ಡರ್ ವೆರ್ಫ್, ಅವರ ಪಕ್ಕದಲ್ಲಿ ಊರಿನ ಕಾರ್ಯದರ್ಶಿ ಯಾನ್ ವಾನ್ ಹೌಟ್ ಕೂತಿದ್ದರು. ವಾನ್ ಹೌಟ್ ಕವಿ ಕೂಡ. ಅವನು ಪಿಸ್ತೂಲು ಹೊರಗೆ ತೆಗೆದು ಮೇಯರ್ ಕಡೆ ತಿರುಗಿ, ಇವನನ್ನ ಅಲ್ಲಿಂದ ಕೆಳಗೆ ಇಳಿಸಿಬಿಡಲಾ ಅಂತ ಕೇಳಿದ. ಮೇಯರ್ ಹೇಗೋ ಸಮಾಧಾನ ಮಾಡಿ ಕೂರಿಸಿದರು.

ಮೊದಲ ಸಲ ಇದನ್ನು ಓದಿದಾಗ ನಕ್ಕುಬಿಟ್ಟೆ. ನಾವು ಒಂದು ಬಟನ್ ಮೇಲೆ ಯಾವ ಪದ ಹಾಕಬೇಕು ಅಂತ ಮೂರು ಮೀಟಿಂಗ್ ಮಾಡ್ತೀವಿ, ಇವರು ಪಿಸ್ತೂಲೇ ತೆಗೆದಿದ್ದಾರಲ್ಲ ಅಂತ. ಆಮೇಲೆ ಯೋಚಿಸಿದರೆ ಇದು ನಗುವ ವಿಷಯ ಅಲ್ಲ. ಗೋಡೆಯಾಚೆ ಸ್ಪೇನಿನ ಸೈನ್ಯವಿದೆ, ಒಳಗೆ ಹಸಿವು ಶುರುವಾಗ್ತಿದೆ. ಆ ಹೊತ್ತಲ್ಲಿ ಒಂದೇ ಕಡೆಯವರು ಒಬ್ಬರಿಗೊಬ್ಬರು ಪಿಸ್ತೂಲು ತೋರಿಸುವಷ್ಟು ಮುಖ್ಯವಾದ ಪ್ರಶ್ನೆ ಅದು. 'ಧರ್ಮಕ್ಕಾಗಿ' ಅಂತ ಬರೆದರೆ ಈ ಯುದ್ಧ ಕ್ಯಾಲ್ವಿನ್ ಪಂಥದವರದ್ದಾಗುತ್ತೆ. ಊರಿನಲ್ಲಿ ಇನ್ನೂ ಎಷ್ಟೋ ಕ್ಯಾಥೊಲಿಕ್ಕರಿದ್ದಾರೆ, ಎರಡೂ ಕಡೆ ಸೇರದವರೂ ಇದ್ದಾರೆ. ಅವರಿಗೆ ಇದು ಯಾರದೋ ಯುದ್ಧವಾಗುತ್ತೆ. 'ಸ್ವಾತಂತ್ರ್ಯಕ್ಕಾಗಿ' ಅಂದರೆ ತೆರಿಗೆಗೆ ಸಿಟ್ಟಾದ ವ್ಯಾಪಾರಿ, ಹಳೇ ಹಕ್ಕುಗಳನ್ನು ಬಿಡದ ಆಡಳಿತದವರು, ಪೂಜೆ ಮಾಡುವ ಕ್ಯಾಥೊಲಿಕ್ ಅಜ್ಜಿ ಎಲ್ಲರೂ ಅದರೊಳಗೆ ಬರಬಹುದು. ದುಡ್ಡು ಓಡಬೇಕಾದರೆ ಎಲ್ಲರೂ ಒಪ್ಪಬೇಕು. ಎಲ್ಲರೂ ಒಪ್ಪಬೇಕಾದರೆ ಎಲ್ಲರಿಗೂ ಜಾಗವಿರುವ ಮಾತು ಬೇಕು.

ಎದುರು ಪಕ್ಷದವರ ನಾಣ್ಯವನ್ನೂ ನೋಡಬೇಕು. ಇದೇ ವರ್ಷಗಳಲ್ಲಿ ದಕ್ಷಿಣಕ್ಕಿದ್ದ ಮಿಡಲ್‌ಬರ್ಗ್ ಊರು ಸ್ಪೇನಿನ ಕಡೆ ಇತ್ತು. ಅಲ್ಲಿ ಮುತ್ತಿಗೆ ಹಾಕಿದವರು ಬಂಡುಕೋರರು, ಒಳಗೆ ಹಸಿದವರು ರಾಜನ ಕಡೆಯವರು. ಅವರೂ ಮುತ್ತಿಗೆ ನಾಣ್ಯ ಹೊಡೆದರು. ಅದರ ಮೇಲಿದ್ದ ಮಾತು 'ದೇವರಿಗೆ, ರಾಜನಿಗೆ, ನಾಡಿಗೆ ನಿಷ್ಠ ಮಿಡಲ್‌ಬರ್ಗ್'. ಲೈಡನ್ನಿನ ಸಣ್ಣ ನಾಣ್ಯದ ಮೇಲೆ 'ನಾಡಿಗಾಗಿ ಹೋರಾಡುತ್ತೇನೆ'. ನಾಡು ಇಬ್ಬರ ನಾಣ್ಯದ ಮೇಲೂ ಇದೆ! ಲೈಡನ್ನಿನ ಮುತ್ತಿಗೆ ನಾಣ್ಯಗಳಲ್ಲಿ 'ದೇವರು ಲೈಡನ್ ಕಾಪಾಡಲಿ' ಅನ್ನುವ ಸಾಲೂ ಇದೆ, ಜೊತೆಗೆ ಊರಿನ ಲಾಂಛನವಾದ ಅಡ್ಡಡ್ಡ ಇಟ್ಟ ಎರಡು ಬೀಗದ ಕೈ. ಆ ಬೀಗದ ಕೈಗಳು ಯಾರವು ಗೊತ್ತೇ? ಸಂತ ಪೀಟರನವು. ಪೋಪನ ಲಾಂಛನದಲ್ಲಿರೋದೂ ಅವೇ. ಪೋಪನ ವಿರುದ್ಧ ನಿಂತ ಊರು, ಪೋಪನ ಪುಸ್ತಕ ಹರಿದು, ಅದರ ಮೇಲೆ ಪೀಟರನ ಬೀಗದ ಕೈಯನ್ನೇ ಒತ್ತಿತು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ, ಯಾಕಂದ್ರೆ ಅದು ಅವರ ಊರಿನ ಗುರುತು. ಒಂದು ನಾಣ್ಯದೊಳಗೆ ಎಷ್ಟು ಪದರ ಅಂಟಿಕೊಂಡಿದೆ ನೋಡಿ.

1574ರ ಮಾರ್ಚಿನಲ್ಲಿ ಸ್ಪೇನಿನ ಸೈನ್ಯ ಇದ್ದಕ್ಕಿದ್ದ ಹಾಗೆ ಮುತ್ತಿಗೆ ಬಿಟ್ಟು ಹೊರಟಿತು. ವಿಲಿಯಂನ ತಮ್ಮ ಪೂರ್ವದಿಂದ ಸೈನ್ಯ ತರುತ್ತಿದ್ದ, ಅವನನ್ನು ತಡೆಯಬೇಕಿತ್ತು. ಏಪ್ರಿಲ್ 14ರಂದು ಮೋಕ್ ಅನ್ನುವಲ್ಲಿ ಅವನನ್ನು ಸೋಲಿಸಿ ಕೊಂದರು. ಗೆದ್ದ ಸ್ಪೇನಿನ ಸೈನಿಕರು ಆಮೇಲೆ ಮಾಡಿದ್ದೇನು? ದಂಗೆ ಎದ್ದರು. ಅವರಿಗೆ ವರ್ಷಗಟ್ಟಲೆ ಸಂಬಳ ಬಾಕಿ ಇತ್ತು. ಸೀದಾ ಆ್ಯಂಟ್‌ವರ್ಪ್‌ಗೆ ಹೋಗಿ ಕೂತು, ಬಾಕಿ ಕೊಡಿ ಅಂದರು.

ಈ ಕಥೆಯಲ್ಲಿ ನನಗೆ ಅತಿ ಹೆಚ್ಚು ಆಶ್ಚರ್ಯ ಆದದ್ದು ಇಲ್ಲೇ. ಅಮೆರಿಕದ ಪೊಟೊಸಿ ಬೆಟ್ಟದ ಬೆಳ್ಳಿ ಹಡಗು ಹಡಗಾಗಿ ಬರುತ್ತಿದ್ದದ್ದು ಫಿಲಿಪ್‌ನ ಮನೆಗೆ. ಲೋಕದ ಬೆಳ್ಳಿಯ ದೊಡ್ಡ ಯಜಮಾನ ಅವನು. ಅವನಿಗೆ ತನ್ನ ಸೈನಿಕರ ಸಂಬಳ ಕೊಡೋಕೆ ಆಗಲಿಲ್ಲ. 1575ರಲ್ಲಿ ಸಾಲ ತೀರಿಸಲು ಆಗಲ್ಲ ಅಂತ ಕೈಯೆತ್ತಿದ. 1576ರ ನವೆಂಬರಿನಲ್ಲಿ ಸಂಬಳ ಸಿಗದ ಅವನ ಸೈನಿಕರೇ ಆ್ಯಂಟ್‌ವರ್ಪ್ ಅನ್ನು ಲೂಟಿ ಮಾಡಿ ಸಾವಿರಾರು ಜನರನ್ನು ಕೊಂದರು. ಇತ್ತ ಲೈಡನ್ ಹತ್ತಿರ ಇದ್ದದ್ದು ಗೋಂದು ಮತ್ತು ಹಳೇ ಪುಸ್ತಕ. ಆ ಊರಿನ ದುಡ್ಡಿನ ಚಕ್ರ ನಿಲ್ಲಲಿಲ್ಲ. ಬೆಳ್ಳಿ ಇದ್ದವನ ಮಾತನ್ನು ಅವನ ಸೈನಿಕರೇ ನಂಬಲಿಲ್ಲ, ರಟ್ಟು ಕೊಟ್ಟವನ ಮಾತನ್ನು ಊರೇ ನಂಬಿತು.

ಆದರೆ ನಂಬಿಕೆಯಿಂದ ಹೊಟ್ಟೆ ತುಂಬಲ್ಲ. 1574ರ ಮೇ 26ರಂದು ಸ್ಪೇನಿನವರು ಮತ್ತೆ ಬಂದರು. ಮಧ್ಯದಲ್ಲಿ ಸಿಕ್ಕ ಎರಡು ತಿಂಗಳಲ್ಲಿ ಧಾನ್ಯ ತುಂಬಿಸಿಕೊಳ್ಳಿ ಅಂತ ವಿಲಿಯಂ ಹೇಳಿದ್ದರೂ ಊರಿನವರು ಸರಿಯಾಗಿ ತುಂಬಿಸಿಕೊಂಡಿರಲಿಲ್ಲ. ಈ ಸಲ ಬೆಳ್ಳಿಯ ಮುತ್ತಿಗೆ ನಾಣ್ಯವೂ ಬಂತು. ಆದರೆ ಆಗಸ್ಟ್ ಹೊತ್ತಿಗೆ ಬ್ರೆಡ್ಡೇ ಇಲ್ಲ. ಕೊಳ್ಳೋಕೆ ಏನೂ ಇಲ್ಲದ ಅಂಗಡಿಯಲ್ಲಿ ಬೆಳ್ಳಿಯೂ ಒಂದೇ, ರಟ್ಟೂ ಒಂದೇ. ನಾಯಿ, ಬೆಕ್ಕು, ಇಲಿ, ಎಲೆ ತಿಂದರು. ಜೊತೆಗೆ ಪ್ಲೇಗ್ ಬಂತು. ಸುಮಾರು 6 ಸಾವಿರ ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಹೇಳುವ ಅಂದಾಜು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಊರು ಬಿಟ್ಟು ಹೋಗಿ ರಾಜನ ಕಡೆ ಸೇರಿದ್ದ ಊರಿನವರೇ ಹೊರಗಿಂದ ಕಾಗದ ಬರೀತಿದ್ದರು: ಶರಣಾಗಿ, ಕ್ಷಮೆ ಸಿಗುತ್ತೆ. ಹಸಿದ ಜನ ಮೇಯರನ್ನು ಮುತ್ತಿಕೊಂಡಾಗ, "ಬೇಕಾದರೆ ನನ್ನ ತೋಳು ಕತ್ತರಿಸಿ ತಿನ್ನಿ, ಊರು ಮಾತ್ರ ಬಿಟ್ಟುಕೊಡಲ್ಲ" ಅಂದರಂತೆ ಅನ್ನೋ ಕಥೆ ಅಲ್ಲಿನ ಮಕ್ಕಳಿಗೆಲ್ಲ ಗೊತ್ತು.

ಊರನ್ನು ಉಳಿಸಿದ್ದು ನೀರು. ಆಗಸ್ಟ್ 3ರಿಂದ ಬಂಡುಕೋರರು ತಮ್ಮದೇ ನಾಡಿನ ಸಮುದ್ರದ ಒಡ್ಡುಗಳನ್ನು ಒಡೆದರು. ತಲೆಮಾರುಗಳಿಂದ ಸಮುದ್ರದ ಹತ್ತಿರ ಕಿತ್ತುಕೊಂಡ ಹೊಲಗಳನ್ನು ಸಮುದ್ರಕ್ಕೇ ವಾಪಸ್ ಕೊಟ್ಟರು. ಆ ನೀರಿನ ಮೇಲೆ ಚಪ್ಪಟೆ ತಳದ ದೋಣಿಗಳಲ್ಲಿ ಬೋಯ್ಸೋ ಅನ್ನುವ ನಾಯಕನ ನಾವಿಕರು ಬಂದರು. ಈ ನಾವಿಕರಲ್ಲಿ ಕೆಲವರು ಅರ್ಧಚಂದ್ರದ ಬೆಳ್ಳಿ ಬಿಲ್ಲೆ ಕಟ್ಟಿಕೊಳ್ಳುತ್ತಿದ್ದರು. ಅದರ ಮೇಲೆ 'ಪೋಪನಿಗಿಂತ ತುರ್ಕನೇ ವಾಸಿ' ಅಂತ ಬರೆದಿತ್ತು. 45 ವರ್ಷದ ಹಿಂದೆ ವಿಯೆನ್ನಾದ ಚೌಕ ನಾಣ್ಯದ ಮೇಲೆ ಊರು ಮುತ್ತಿದ ಶತ್ರು ಅಂತ ಹೆಸರಿದ್ದದ್ದು ಇದೇ ತುರ್ಕನದು! ಗಾಳಿ ತಿರುಗಿತು, ನೀರು ಏರಿತು, ಸ್ಪೇನಿನವರು ರಾತ್ರೋರಾತ್ರಿ ಜಾಗ ಬಿಟ್ಟರು. ಅಕ್ಟೋಬರ್ 3ರ ಬೆಳಿಗ್ಗೆ ದೋಣಿಗಳು ಊರೊಳಗೆ ಬಂದು ಹೆರಿಂಗ್ ಮೀನು, ಬಿಳಿ ಬ್ರೆಡ್ ಹಂಚಿದವು. ಪ್ರತಿ ವರ್ಷ ಆ ದಿನ ಲೈಡನ್ನಿನಲ್ಲಿ ಇವತ್ತಿಗೂ ಅವೆರಡನ್ನೇ ಹಂಚ್ತಾರೆ.

1575ರ ಫೆಬ್ರವರಿಯಲ್ಲಿ ಅಲ್ಲೊಂದು ವಿಶ್ವವಿದ್ಯಾಲಯ ಶುರುವಾಯ್ತು. ತಮಾಷೆ ಅಂದರೆ ಅದರ ಸನದು ಹೊರಟದ್ದು ಫಿಲಿಪ್ ರಾಜನ ಹೆಸರಲ್ಲೇ! ಬಂಡುಕೋರರು ಆಗಿನ್ನೂ "ನಾವು ರಾಜನ ವಿರುದ್ಧ ಅಲ್ಲ, ಅವನ ಕೆಟ್ಟ ಅಧಿಕಾರಿಗಳ ವಿರುದ್ಧ" ಅಂತ ಹೇಳಿಕೊಳ್ಳುತ್ತಿದ್ದರು. ಆ ವಿಶ್ವವಿದ್ಯಾಲಯದ ಧ್ಯೇಯವಾಕ್ಯ 'ಸ್ವಾತಂತ್ರ್ಯದ ಕೋಟೆ'. ಊರಿನ ಲಾಂಛನದಲ್ಲಿ ಇವತ್ತು ಇರೋದು ಅದೇ ರಟ್ಟಿನ ನಾಣ್ಯದ ಮಾತು, 'ಹೇಕ್ ಲಿಬರ್ಟಾಟಿಸ್ ಎರ್ಗೊ'. ಪಾದ್ರಿ ಸೋತ, ಕವಿ ಗೆದ್ದ.

ಕಥೆಯನ್ನು ಇಲ್ಲಿಗೇ ಮುಗಿಸಿದರೆ ಚೆನ್ನಾಗಿರುತ್ತೆ. ಆದರೆ ಮುಗಿಸೋಕೆ ಆಗ್ತಿಲ್ಲ. ಯಾಕಂದ್ರೆ ಸ್ವಾತಂತ್ರ್ಯ ಅಂತ ನಾಣ್ಯದ ಮೇಲೆ ಬರೆದ ಅದೇ 1573ರಲ್ಲಿ, ಬಂಡುಕೋರರ ಕೈಯಲ್ಲಿದ್ದ ಹಾಲೆಂಡ್ ಪ್ರಾಂತ್ಯದಲ್ಲಿ ಕ್ಯಾಥೊಲಿಕ್ಕರು ಬಹಿರಂಗವಾಗಿ ಪೂಜೆ ಮಾಡೋದನ್ನು ನಿಷೇಧಿಸಿದ್ದರು. 1579ರ ಉಟ್ರೆಕ್ಟ್ ಒಪ್ಪಂದ ಧರ್ಮದ ಕಾರಣಕ್ಕೆ ಯಾರನ್ನೂ ಹಿಂಸಿಸಬಾರದು ಅಂದಿತು. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೂ ಹಾಲೆಂಡಿನ ಕ್ಯಾಥೊಲಿಕ್ಕರು ಮುಂದಿನ ಇನ್ನೂರು ವರ್ಷ ಮನೆಯ ಅಟ್ಟದಲ್ಲಿ, ಹೊರಗಿಂದ ಮನೆಯ ಹಾಗೆ ಕಾಣುವ ಗುಪ್ತ ಚರ್ಚುಗಳಲ್ಲಿ ಪ್ರಾರ್ಥನೆ ಮಾಡಿಕೊಂಡು ಬದುಕಿದರು. ನೆತ್ತಿಯ ಮೇಲೆ ನಂಬಿಕೆ ಇಟ್ಟುಕೊಳ್ಳಬಹುದು, ಬೀದಿಗೆ ತರಬಾರದು.

ಹಾಗಾಗಿ ಆ ನಾಣ್ಯವನ್ನು ನೆನೆದಾಗಲೆಲ್ಲ ನನಗೆ ಒಬ್ಬ ಅಜ್ಜಿಯ ಚಿತ್ರ ಬರುತ್ತೆ. ಇದು ನನ್ನ ಕಲ್ಪನೆ, ಇತಿಹಾಸದಲ್ಲಿ ಅವಳ ಹೆಸರಿಲ್ಲ. ಅಂಥವರು ಆ ಊರಿನಲ್ಲಿ ಇದ್ದದ್ದು ಮಾತ್ರ ನಿಜ. ಹಳೇ ಧರ್ಮದವಳು. ಊರು ಬಿಟ್ಟು ಓಡಿಹೋಗಿಲ್ಲ, ಎಲ್ಲರ ಜೊತೆ ಹಸಿದಿದ್ದಾಳೆ. ಕೈಗೆ ಒಂದು ರಟ್ಟಿನ ನಾಣ್ಯ ಬರುತ್ತೆ. ಮೇಲೆ 'ಇದೆಲ್ಲ ಸ್ವಾತಂತ್ರ್ಯಕ್ಕಾಗಿ' ಅಂತಿದೆ. ಪದರ ಬಿಡಿಸಿದರೆ ಒಳಗಿರೋದು ಚಿಕ್ಕಂದಿನಿಂದ ಅವಳು ಚರ್ಚಿನಲ್ಲಿ ಕೇಳಿದ ಮಂತ್ರ. ಅವಳು ಅದನ್ನು ಬಿಡಿಸಲ್ಲ. ಬಿಡಿಸಿದರೆ ಬ್ರೆಡ್ ಸಿಗಲ್ಲ. ಅಂಗಡಿಯವನಿಗೆ ಕೊಟ್ಟು ಬ್ರೆಡ್ ತಗೊಂಡು ಮನೆಗೆ ಹೋಗ್ತಾಳೆ.

ಆ ಜಗಳದಲ್ಲಿ ವಾನ್ ಹೌಟ್ ಕಡೆಯೇ ಸರಿ ಅಂತ ನನಗೆ ಈಗಲೂ ಅನ್ನಿಸುತ್ತೆ. ಎಲ್ಲರಿಗೂ ಜಾಗವಿರುವ ಪದವನ್ನೇ ಅವರು ಆರಿಸಿದರು. ಆದರೆ ನಾಣ್ಯದ ಮೇಲೆ ಬರೆದದ್ದು ಕಂಡಕ್ಟರ್ ಟಿಕೆಟ್ ಹಿಂದೆ ಬರೆದ ಹಾಗೆ, ಕೊಡಬೇಕಾದ ಬಾಕಿಯ ಲೆಕ್ಕ. ಇಳಿಯುವಾಗ ಎಲ್ಲರಿಗೂ ಚಿಲ್ಲರೆ ಸಿಕ್ಕಿತಾ ಅನ್ನೋದು ಬೇರೆ ಪ್ರಶ್ನೆ. ಆ ಅಜ್ಜಿಯ ಕಡೆಯವರು ತಮ್ಮ ಟಿಕೆಟ್ ಹಿಡಿದುಕೊಂಡು ಇನ್ನೂರು ವರ್ಷ ಕಾದರು.